ಟರ್ಮಿನಲ್ಲಿನಲ್ಲಿ ಫೈಲುಗಳನ್ನು ಬಗೆಬಗೆಯಾಗಿ ಪಟ್ಟಿ ಮಾಡುವುದು

ಪ್ರಶ್ನೆ: ಹಳೆಯ ಹಾರ್ಡ್ ಡಿಸ್ಕಿನಿಂದ ಕಾಪಿ ಮಾಡಿಕೊಂಡ ಒಂದು ಫೋಲ್ಡರ್ ಇದೆ. ಚಿತ್ರ, ಪಿಡಿಎಫ್, ಸ್ಕ್ರಿಪ್ಟು, ಉಪಫೋಲ್ಡರು, ಲಿಂಕು ಎಲ್ಲ ಒಂದರಲ್ಲೊಂದು ಕಲಸಿಹೋಗಿವೆ. ಲಿನಕ್ಸ್ ಟರ್ಮಿನಲ್ಲಿನಲ್ಲಿ ಒಂದೊಂದು ಬಗೆಯನ್ನೂ ಬೇರೆಬೇರೆಯಾಗಿ ಪಟ್ಟಿ ಮಾಡಬೇಕು. ಪಟ್ಟಿ ತೋರಿಸುವ ಎಲ್‌ಎಸ್ ಕಮ್ಯಾಂಡಿನ ಔಟ್‌ಪುಟ್ಟನ್ನು ಸಾಲು ಹುಡುಕುವ ಗ್ರೆಪ್‌ಗೆ ಹಾಯಿಸಿ ನೋಡಿದೆ. ಕೆಲವು ಸಿಗುತ್ತವೆ, ಕೆಲವು ತಪ್ಪಿಹೋಗುತ್ತವೆ. ಎಕ್ಸ್‌ಟೆನ್ಷನ್ನೇ ಇಲ್ಲದ ಫೈಲುಗಳೂ ಬೇಕಾದಷ್ಟಿವೆ. ಸರಿಯಾದ ಕಮ್ಯಾಂಡ್ ಯಾವುದು?

ಉತ್ತರ: ಒಂದಲ್ಲ, ಮೂರು ಬೇಕಾಗುತ್ತವೆ. ಫೈಲಿನ ಬಗೆ ಮೂರು ಬೇರೆಬೇರೆ ಜಾಗಗಳಲ್ಲಿ ಗೊತ್ತಾಗುತ್ತದೆ, ಒಂದೊಂದು ಜಾಗವನ್ನು ಓದುವುದಕ್ಕೂ ಒಂದೊಂದು ಸಾಧನವಿದೆ. ಮೊದಲನೆಯದು ಫೈಲ್ ಸಿಸ್ಟಮ್ಮಿನ ದಾಖಲೆ: ಇದು ಮಾಮೂಲಿ ಫೈಲೋ, ಡೈರೆಕ್ಟರಿಯೋ, ಲಿಂಕೋ ಎಂಬುದನ್ನು ಐನೋಡ್, ಅಂದರೆ ಫೈಲಿನ ವಿವರಗಳನ್ನು ಬರೆದಿಟ್ಟ ದಾಖಲೆ, ಹೇಳುತ್ತದೆ. ಎರಡನೆಯದು ಹೆಸರು: ಚುಕ್ಕೆಯ ನಂತರ ಬರುವ ಎಕ್ಸ್‌ಟೆನ್ಷನ್. ಮೂರನೆಯದು ಫೈಲಿನ ಒಳಗಿರುವ ಬೈಟುಗಳು. ಮೊದಲನೆಯದನ್ನು ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ನೋಡಿಕೊಳ್ಳುತ್ತದೆ, ಅದು ಸುಳ್ಳಾಗುವುದಿಲ್ಲ. ಎರಡನೆಯದನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ಬದಲಿಸಬಹುದು. ಲಿನಕ್ಸಿಗೆ ಎಕ್ಸ್‌ಟೆನ್ಷನ್ ಹೆಸರಿನ ಒಂದು ಭಾಗವೇ ಹೊರತು ಬೇರೇನಲ್ಲ. ಹಾಗಾಗಿ .ಜೆಪಿಜಿ ಎಂದು ಕೊನೆಯಾಗುವ ಡೈರೆಕ್ಟರಿಯೂ ಇರಬಹುದು. ನಿಮ್ಮ ಗ್ರೆಪ್ ಎಡವುತ್ತಿರುವುದು ಈ ಮೂರನ್ನೂ ಒಂದೇ ಪಟ್ಟಿಯಲ್ಲಿ ಹುಡುಕುತ್ತಿರುವುದರಿಂದ.

ಒಂದು ಸೂಚನೆ. ಕೆಳಗೆ ಕಮ್ಯಾಂಡುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದೆ. ಚುಕ್ಕೆ, ಅಡ್ಡಗೆರೆ, ಕೋಟ್, ಸ್ಪೇಸ್ ಎಲ್ಲ ಇದ್ದಂತೆಯೇ ಇರಲಿ.

ಮೊದಲು ಎಲ್‌ಎಸ್. ಕಣ್ಣಿನಿಂದ ನೋಡುವುದಕ್ಕೆ ಇದು ಸಾಕು.

    ಎಲ್‌ಎಸ್ -ಎಲ್‌ಎ

ಪ್ರತಿ ಸಾಲಿನ ಮೊದಲ ಅಕ್ಷರವೇ ಬಗೆ. ಅಡ್ಡಗೆರೆ ಇದ್ದರೆ ಮಾಮೂಲಿ ಫೈಲು, ಡಿ ಇದ್ದರೆ ಡೈರೆಕ್ಟರಿ, ಎಲ್ ಇದ್ದರೆ ಸಿಂಬಾಲಿಕ್ ಲಿಂಕು. ಉಳಿದ ನಾಲ್ಕು ನಿಮ್ಮ ಫೋಲ್ಡರಿನಲ್ಲಿ ಇರುವ ಸಂಭವ ಕಡಿಮೆ: ಬಿ ಎಂದರೆ ಬ್ಲಾಕ್ ಡಿವೈಸ್, ಸಿ ಎಂದರೆ ಕ್ಯಾರೆಕ್ಟರ್ ಡಿವೈಸ್, ಪಿ ಎಂದರೆ ಹೆಸರಿರುವ ಪೈಪ್, ಎಸ್ ಎಂದರೆ ಸಾಕೆಟ್. ಲಿನಕ್ಸಿನಲ್ಲಿ ಇರುವುದು ಈ ಏಳೇ.

ದೊಡ್ಡಕ್ಷರದ -ಎಫ್ ಕೊಟ್ಟರೆ ಹೆಸರಿನ ಕೊನೆಗೆ ಗುರುತು ಅಂಟುತ್ತದೆ: ಡೈರೆಕ್ಟರಿಗೆ /, ಲಿಂಕಿಗೆ @, ಎಕ್ಸಿಕ್ಯೂಟ್ ಅನುಮತಿ ಇರುವ ಫೈಲಿಗೆ *, ಪೈಪಿಗೆ |, ಸಾಕೆಟ್ಟಿಗೆ =. ಹಳೆಯ ಡಿಸ್ಕು ವಿಂಡೋಸಿನದಾಗಿದ್ದು ಅದನ್ನು ನೇರವಾಗಿ ಮೌಂಟ್ ಮಾಡಿದ್ದರೆ ಪ್ರತಿ ಚಿತ್ರಕ್ಕೂ * ಬಂದಿರುವುದನ್ನು ಕಾಣುತ್ತೀರಿ. ಫ್ಯಾಟ್ ಫೈಲ್ ಸಿಸ್ಟಮ್ಮಿನಲ್ಲಿ ಯುನಿಕ್ಸ್ ಅನುಮತಿಗಳನ್ನು ಬರೆದಿಡುವ ಜಾಗವೇ ಇಲ್ಲ. ಎನ್‌ಟಿಎಫ್‌ಎಸ್‌ನದು ಬೇರೆಯದೇ ಪದ್ಧತಿ. ಹಾಗಾಗಿ ಮೌಂಟ್ ಮಾಡುವಾಗ ಸಾಮಾನ್ಯವಾಗಿ ಎಲ್ಲಕ್ಕೂ ಒಂದೇ ಅನುಮತಿ ಬೀಳುತ್ತದೆ. ಅದನ್ನು ನೋಡಿ ಇವೆಲ್ಲ ಪ್ರೋಗ್ರಾಮುಗಳು ಎಂದುಕೊಳ್ಳಬೇಡಿ.

ಎಕ್ಸ್‌ಟೆನ್ಷನ್ನಿನ ಪ್ರಕಾರ ಜೋಡಿಸಿ ತೋರಿಸಲು ಗ್ನೂ ಎಲ್‌ಎಸ್‌ನಲ್ಲಿ ದೊಡ್ಡಕ್ಷರದ -ಎಕ್ಸ್ ಇದೆ, ಡೈರೆಕ್ಟರಿಗಳನ್ನು ಮೇಲಕ್ಕೆ ತರಲು --ಗ್ರೂಪ್-ಡೈರೆಕ್ಟರೀಸ್-ಫಸ್ಟ್ ಇದೆ. ಎರಡೂ ಒಟ್ಟಿಗೆ ನಡೆಯುತ್ತವೆ:

    ಎಲ್‌ಎಸ್ -1ಎಕ್ಸ್ --ಗ್ರೂಪ್-ಡೈರೆಕ್ಟರೀಸ್-ಫಸ್ಟ್

ಬರೀ ಡೈರೆಕ್ಟರಿಗಳು ಬೇಕೆಂದರೆ ಹಲವರು ಹೇಳಿಕೊಡುವುದು ಇದನ್ನು:

    ಎಲ್‌ಎಸ್ -ಡಿ */

ಟೈಪ್ ಮಾಡಲು ಸುಲಭ, ಆದರೆ ಮೂರು ತೊಡಕುಗಳಿವೆ. ಚುಕ್ಕೆಯಿಂದ ಶುರುವಾಗುವ ಡೈರೆಕ್ಟರಿಗಳು ಬರುವುದಿಲ್ಲ. ಡೈರೆಕ್ಟರಿಯನ್ನು ತೋರಿಸುವ ಲಿಂಕುಗಳು ತಾವೂ ಡೈರೆಕ್ಟರಿಗಳೆಂಬಂತೆ ಪಟ್ಟಿಗೆ ಸೇರುತ್ತವೆ. ಒಂದೂ ಡೈರೆಕ್ಟರಿ ಇಲ್ಲದಿದ್ದರೆ ಬ್ಯಾಷ್ (ನೀವು ಟೈಪ್ ಮಾಡಿದ್ದನ್ನು ಓದಿ ನಡೆಸುವ ಶೆಲ್) ಆ */ ಅನ್ನು ಹಾಗೆಯೇ ಎಲ್‌ಎಸ್‌ಗೆ ಕೊಟ್ಟುಬಿಡುತ್ತದೆ, ಅಂಥ ಫೈಲಿಲ್ಲ ಎಂದು ಅದು ದೂರುತ್ತದೆ.

ಇನ್ನು ನಿಮ್ಮ ಗ್ರೆಪ್ ವಿಚಾರ. ಎಲ್‌ಎಸ್ ಔಟ್‌ಪುಟ್ ಇರುವುದು ಮನುಷ್ಯರು ಓದುವುದಕ್ಕೆ, ಇನ್ನೊಂದು ಪ್ರೋಗ್ರಾಮ್ ಓದುವುದಕ್ಕಲ್ಲ. ಗ್ರೆಪ್‌ಗೆ ಬರೀ ಜೆಪಿಜಿ ಎಂದು ಕೊಟ್ಟರೆ ಹೆಸರಿನ ನಡುವೆ ಆ ಅಕ್ಷರಗಳಿರುವ ಟೆಕ್ಸ್ಟ್ ಫೈಲೂ ಬರುತ್ತದೆ. ಕ್ಯಾಮೆರಾ ದೊಡ್ಡಕ್ಷರದಲ್ಲಿ ಬರೆದ .ಜೆಪಿಜಿ ಬರುವುದಿಲ್ಲ. -ಎಫ್ ಅಂಟಿಸಿದ * ಗುರುತು ಪೈಪಿನೊಳಗೂ ಹೋಗುತ್ತದೆ, ಆಗ ಸಾಲಿನ ಕೊನೆಗೆ ಜೆಪಿಜಿ ಇರಬೇಕೆಂದು ಕೇಳುವ ಪ್ಯಾಟರ್ನ್ ಹೊಂದುವುದೇ ಇಲ್ಲ. ಬಣ್ಣವನ್ನು ಸದಾ ಹಾಕುವಂತೆ ಸೆಟ್ ಮಾಡಿದ್ದರೆ ಬಣ್ಣದ ಕೋಡುಗಳೂ ಹೆಸರಿನ ಜೊತೆ ಸೇರಿಕೊಳ್ಳುತ್ತವೆ. ಅಪರೂಪವಾದರೂ ಹೆಸರಿನೊಳಗೇ ಹೊಸ ಸಾಲಿನ ಅಕ್ಷರ ಇರಬಹುದು, ಆಗ ಒಂದು ಫೈಲು ಎರಡಾಗಿ ಕಾಣುತ್ತದೆ. ಇಷ್ಟನ್ನೂ ಒಂದೊಂದಾಗಿ ಸರಿಪಡಿಸುತ್ತ ಕೂರುವ ಬದಲು ಫೈಂಡ್ ಹಿಡಿಯುವುದು ಮೇಲು.

    ಫೈಂಡ್ . -ಟೈಪ್ ಎಫ್

ಇದು ಈಗ ನಿಂತಿರುವ ಡೈರೆಕ್ಟರಿಯಿಂದ ಕೆಳಗಿನ ಎಲ್ಲ ಮಾಮೂಲಿ ಫೈಲುಗಳನ್ನು, ಅಡಗಿರುವವನ್ನೂ ಸೇರಿಸಿ, ಕೊಡುತ್ತದೆ. ಎಫ್ ಬದಲು ಡಿ, ಎಲ್, ಬಿ, ಸಿ, ಪಿ, ಎಸ್ ಹಾಕಬಹುದು. ಮೇಲ್ಮಟ್ಟದಲ್ಲೇ ನಿಲ್ಲಬೇಕೆಂದರೆ:

    ಫೈಂಡ್ . -ಮಿನ್‌ಡೆಪ್ತ್ 1 -ಮ್ಯಾಕ್ಸ್‌ಡೆಪ್ತ್ 1 -ಟೈಪ್ ಡಿ

ಮಿನ್‌ಡೆಪ್ತ್ ಬಿಟ್ಟರೆ ಪಟ್ಟಿಯ ಮೊದಲಿಗೆ ಆ ಚುಕ್ಕೆಯೇ ಬರುತ್ತದೆ, ಏಕೆಂದರೆ ಅದೂ ಒಂದು ಡೈರೆಕ್ಟರಿ. ಎಣಿಕೆ ಮಾಡುವಾಗ ಒಂದು ಹೆಚ್ಚಾಗಿ ಬರುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ. ಡೆಪ್ತ್ ಆಯ್ಕೆಗಳನ್ನು -ಟೈಪ್‌ಗಿಂತ ಮುಂಚೆ ಬರೆಯಿರಿ, ನಂತರ ಬರೆದರೆ ಗ್ನೂ ಫೈಂಡ್ ಎಚ್ಚರಿಕೆ ಕೊಡುತ್ತದೆ. ಹೊಸ ಗ್ನೂ ಆವೃತ್ತಿಗಳಲ್ಲಿ -ಟೈಪ್ ಎಫ್,ಎಲ್ ಎಂದು ಅಲ್ಪವಿರಾಮ ಹಾಕಿ ಎರಡು ಬಗೆಯನ್ನು ಒಟ್ಟಿಗೂ ಕೇಳಬಹುದು.

ಎಲ್ಲವನ್ನೂ ಬಗೆಯ ಪ್ರಕಾರ ಒಂದೇ ಪಟ್ಟಿಯಲ್ಲಿ ಜೋಡಿಸಲು ಅತ್ಯಂತ ಚಿಕ್ಕ ದಾರಿ ಇದು:

    ಫೈಂಡ್ . -ಮಿನ್‌ಡೆಪ್ತ್ 1 -ಮ್ಯಾಕ್ಸ್‌ಡೆಪ್ತ್ 1 -ಪ್ರಿಂಟ್‌ಎಫ್ '%ವೈ %ಎಫ್\ಎನ್' | ಸಾರ್ಟ್

%ವೈ ಬಗೆಯ ಅಕ್ಷರವನ್ನು, %ಎಫ್ ಬರೀ ಹೆಸರನ್ನು ಕೊಡುತ್ತದೆ. ಸಾರ್ಟ್ ಆದಾಗ ಡಿಗಳೆಲ್ಲ ಒಂದು ಕಡೆ, ಎಫ್‌ಗಳೆಲ್ಲ ಒಂದು ಕಡೆ ಕೂರುತ್ತವೆ.

ಲಿಂಕುಗಳ ಬಗ್ಗೆ ನಿಮ್ಮ ಪರಿಸ್ಥಿತಿಯಲ್ಲಿ ವಿಶೇಷ ಗಮನ ಬೇಕು. ಒಂದು ಡಿಸ್ಕಿನಲ್ಲಿ ಪೂರ್ಣ ಪಾಥ್ ಕೊಟ್ಟು ಮಾಡಿದ ಲಿಂಕು ಇನ್ನೊಂದು ಡಿಸ್ಕಿಗೆ ಬಂದಾಗ ತೋರಿಸುವ ಜಾಗ ಅಲ್ಲಿರುವುದಿಲ್ಲ. -ಟೈಪ್ ಎಲ್ ಎಲ್ಲ ಲಿಂಕುಗಳನ್ನು ಕೊಡುತ್ತದೆ. ಮುರಿದವು ಮಾತ್ರ ಬೇಕಾದರೆ:

    ಫೈಂಡ್ . -ಎಕ್ಸ್‌ಟೈಪ್ ಎಲ್ -ಪ್ರಿಂಟ್‌ಎಫ್ '%ಪಿ -> %ಎಲ್\ಎನ್'

-ಎಕ್ಸ್‌ಟೈಪ್ ಲಿಂಕನ್ನು ಹಿಂಬಾಲಿಸಿ ಆಚೆ ಇರುವುದರ ಬಗೆ ನೋಡುತ್ತದೆ. ಆಚೆ ಏನೂ ಇಲ್ಲದಿದ್ದರೆ ಮಾತ್ರ ಅದಕ್ಕೆ ಲಿಂಕೇ ಸಿಗುತ್ತದೆ. ಬಾಣದ ನಂತರ ಬರುವುದು ಅದು ತೋರಿಸುತ್ತಿದ್ದ ಹಳೆಯ ಪಾಥ್. ಅದನ್ನು ನೋಡಿದರೆ ಎಲ್ಲವನ್ನೂ ಹೊಸ ಜಾಗಕ್ಕೆ ತಿರುಗಿಸುವುದು ಹೇಗೆಂದು ಬಹುತೇಕ ಹೊಳೆದುಬಿಡುತ್ತದೆ.

ಈಗ ಎಕ್ಸ್‌ಟೆನ್ಷನ್.

    ಫೈಂಡ್ . -ಟೈಪ್ ಎಫ್ -ಐನೇಮ್ '*.ಜೆಪಿಜಿ'

-ಐನೇಮ್ ದೊಡ್ಡಕ್ಷರ ಸಣ್ಣಕ್ಷರ ಭೇದ ಮಾಡುವುದಿಲ್ಲ, -ನೇಮ್ ಮಾಡುತ್ತದೆ. ಆ ಒಂಟಿ ಕೋಟುಗಳು ಅಲಂಕಾರಕ್ಕಿಲ್ಲ. ಕೋಟ್ ಇಲ್ಲದೆ *.ಜೆಪಿಜಿ ಬರೆದರೆ ಫೈಂಡ್ ಅದನ್ನು ನೋಡುವ ಮೊದಲೇ ಶೆಲ್ ಬಿಡಿಸಿ ಹಾಕುತ್ತದೆ, ಪರಿಣಾಮ ಆ ಡೈರೆಕ್ಟರಿಯಲ್ಲಿ ಏನಿದೆ ಎಂಬುದರ ಮೇಲೆ ನಿಲ್ಲುತ್ತದೆ. ಅಲ್ಲಿ ಒಂದೂ ಜೆಪಿಜಿ ಇಲ್ಲವೆಂದರೆ ಬ್ಯಾಷ್ ಪ್ಯಾಟರ್ನನ್ನು ಹಾಗೇ ಬಿಡುತ್ತದೆ, ಎಲ್ಲ ಸರಿಯಾಗಿ ನಡೆದಂತೆ ಕಾಣುತ್ತದೆ. ಎರಡೋ ಹೆಚ್ಚೋ ಇದ್ದರೆ ಪಾಥ್‌ಗಳು ಎಕ್ಸ್‌ಪ್ರೆಷನ್‌ಗಿಂತ ಮುಂಚೆ ಬರಬೇಕು ಎಂಬ ದೋಷ ಬಂದು ನಿಲ್ಲುತ್ತದೆ. ಸರಿಯಾಗಿ ಒಂದೇ ಒಂದು ಇದ್ದರೆ ಅದೇ ಅತಿ ಕೆಟ್ಟ ಸ್ಥಿತಿ. ಆ ಒಂದು ಫೈಲಿನ ಹೆಸರೇ ಪ್ಯಾಟರ್ನ್ ಆಗಿ, ಇಡೀ ಮರದಲ್ಲಿ ಅದೇ ಹೆಸರಿನವು ಮಾತ್ರ ಸಿಗುತ್ತವೆ. ದೋಷವೂ ಇಲ್ಲ, ಎಚ್ಚರಿಕೆಯೂ ಇಲ್ಲ. ನಿನ್ನೆ ನಡೆದ ಕಮ್ಯಾಂಡ್ ಇಂದು ಒಂದೇ ಸಾಲು ಕೊಡುತ್ತಿದೆ ಎಂಬ ದೂರು ಬಂದಾಗ ಮೊದಲು ನೋಡಬೇಕಾದ್ದು ಕೋಟುಗಳನ್ನು. ಝೆಡ್‌ಶೆಲ್ ಎಂಬ ಇನ್ನೊಂದು ಶೆಲ್ಲಿನಲ್ಲಾದರೆ ಏನೂ ಹೊಂದದಿದ್ದಾಗಲೂ ದೋಷ ಬರುತ್ತದೆ, ಅಷ್ಟರ ಮಟ್ಟಿಗೆ ಅದು ಮೇಲು.

ಎರಡು ಎಕ್ಸ್‌ಟೆನ್ಷನ್ ಬೇಕಾದಾಗ ನಡುವೆ -ಓ ಹಾಕಬೇಕು, ಆವರಣವನ್ನೂ ಹಾಕಬೇಕು:

    ಫೈಂಡ್ . -ಟೈಪ್ ಎಫ್ \( -ಐನೇಮ್ '*.ಜೆಪಿಜಿ' -ಓ -ಐನೇಮ್ '*.ಪಿಎನ್‌ಜಿ' \)

ಆವರಣ ಬಿಟ್ಟರೆ ಏನಾಗುತ್ತದೆ? ಪಕ್ಕಪಕ್ಕ ಬರೆದ ಷರತ್ತುಗಳ ನಡುವೆ ಕಾಣದ ಒಂದು ‘ಮತ್ತು’ ಇರುತ್ತದೆ, ಅದು -ಓ ಗಿಂತ ಬಿಗಿ. ಹಾಗಾಗಿ ‘ಮಾಮೂಲಿ ಫೈಲು ಮತ್ತು ಜೆಪಿಜಿ’ ಒಂದು ಗುಂಪು, ‘ಪಿಎನ್‌ಜಿ’ ಇನ್ನೊಂದು ಗುಂಪು ಆಗುತ್ತದೆ. ಬರೀ ಪಟ್ಟಿಗಾದರೆ ನಷ್ಟ ಚಿಕ್ಕದು, .ಪಿಎನ್‌ಜಿ ಎಂಬ ಹೆಸರಿನ ಡೈರೆಕ್ಟರಿ ಇದ್ದರೆ ಅದೂ ಬರುತ್ತದೆ ಅಷ್ಟೆ. ಆದರೆ ಕೊನೆಗೆ -ಪ್ರಿಂಟ್0 ಅಥವಾ -ಎಕ್ಸೆಕ್ (ಸಿಕ್ಕ ಫೈಲುಗಳ ಮೇಲೆ ಇನ್ನೊಂದು ಕಮ್ಯಾಂಡ್ ನಡೆಸುವ ಆಯ್ಕೆ) ಸೇರಿಸಿದ ಕೂಡಲೇ ಅದು ಎರಡನೆಯ ಗುಂಪಿಗೆ ಮಾತ್ರ ಅಂಟಿಕೊಳ್ಳುತ್ತದೆ, ಜೆಪಿಜಿಗಳೆಲ್ಲ ಸದ್ದಿಲ್ಲದೆ ಕಾಣೆಯಾಗುತ್ತವೆ. -ಡಿಲೀಟ್ ವಿಷಯದಲ್ಲಿ ಇನ್ನೂ ಜೋಕೆ: ಅದನ್ನು ಷರತ್ತುಗಳಿಗಿಂತ ಮುಂಚೆ ಬರೆದರೆ ಷರತ್ತನ್ನು ಕೇಳುವ ಮೊದಲೇ ಅಳಿಸಲು ಶುರುಮಾಡುತ್ತದೆ. ಪಟ್ಟಿ ಮಾಡುವ ಕೆಲಸಕ್ಕೆ ಅದರ ಅಗತ್ಯವೇ ಇಲ್ಲ, ದೂರವಿಡಿ.

ಯಾವ ಯಾವ ಎಕ್ಸ್‌ಟೆನ್ಷನ್ ಇವೆ, ಎಷ್ಟೆಷ್ಟಿವೆ ಎಂಬ ಲೆಕ್ಕವನ್ನು ಎಲ್ಲಕ್ಕಿಂತ ಮೊದಲೇ ತೆಗೆದುಕೊಂಡರೆ ಮುಂದಿನ ಕೆಲಸ ಅರ್ಧ ಆದಂತೆ. ಒಂದೇ ಸಾಲಿನಲ್ಲಿ ಬರೆಯಿರಿ:

    ಫೈಂಡ್ . -ಟೈಪ್ ಎಫ್ -ಪ್ರಿಂಟ್‌ಎಫ್ '%ಎಫ್\ಎನ್' | ಸೆಡ್ -ಎನ್ 'ಎಸ್/..*\.//ಪಿ' | ಟಿಆರ್ 'ಎ-ಝೆಡ್' 'ಎ-ಝೆಡ್' | ಸಾರ್ಟ್ | ಯುನಿಕ್ -ಸಿ | ಸಾರ್ಟ್ -ಆರ್‌ಎನ್

ಟಿಆರ್‌ನ ಮೊದಲ ಕೋಟಿನೊಳಗೆ ದೊಡ್ಡಕ್ಷರ, ಎರಡನೆಯದರಲ್ಲಿ ಸಣ್ಣಕ್ಷರ; ಯುನಿಕ್‌ನ ಸ್ಪೆಲಿಂಗು ಕ್ಯೂನಲ್ಲಿ ಮುಗಿಯುತ್ತದೆ. ಸೆಡ್‌ನಲ್ಲಿ ಶುರುವಿಗೇ ಎರಡು ಚುಕ್ಕೆ ಇರುವುದಕ್ಕೆ ಕಾರಣವಿದೆ. ಕೊನೆಯ ಚುಕ್ಕೆಗಿಂತ ಮುಂಚೆ ಕನಿಷ್ಠ ಒಂದು ಅಕ್ಷರ ಇರಲೇಬೇಕು ಎಂದು ಅದರ ಅರ್ಥ. ಇಲ್ಲದಿದ್ದರೆ .ಬ್ಯಾಷ್‌ಆರ್‌ಸಿ ತರಹದ ಅಡಗಿದ ಫೈಲಿನ ಪೂರ್ತಿ ಹೆಸರೇ ಒಂದು ಎಕ್ಸ್‌ಟೆನ್ಷನ್ ಎಂದು ಲೆಕ್ಕಕ್ಕೆ ಬರುತ್ತದೆ. ಪೂರ್ಣ ಪಾಥ್ ಬದಲು %ಎಫ್ ಇಂದ ಬರೀ ಹೆಸರನ್ನು ತೆಗೆದುಕೊಂಡಿರುವುದೂ ಬೇಕೆಂದೇ. ಆವೃತ್ತಿ1.2 ಎಂಬ ಡೈರೆಕ್ಟರಿಯೊಳಗೆ ರೀಡ್‌ಮಿ ಎಂಬ ಎಕ್ಸ್‌ಟೆನ್ಷನ್ ಇಲ್ಲದ ಫೈಲಿದ್ದರೆ, ಪೂರ್ಣ ಪಾಥ್ ಕೊಟ್ಟಾಗ ‘2/ರೀಡ್‌ಮಿ’ ಎಂಬ ವಿಚಿತ್ರ ಎಕ್ಸ್‌ಟೆನ್ಷನ್ ಹುಟ್ಟಿಕೊಳ್ಳುತ್ತದೆ. .ಟಾರ್.ಜಿಝೆಡ್ ಇಲ್ಲಿ ಬರೀ ಜಿಝೆಡ್ ಎಂದು ಬರುತ್ತದೆ. ಅದನ್ನು ಒಪ್ಪಿಕೊಳ್ಳುವುದೇ ವಾಸಿ.

ಎಕ್ಸ್‌ಟೆನ್ಷನ್ನೇ ಇಲ್ಲದವು, ಅಂದರೆ ನಿಮ್ಮ ನಿಜವಾದ ತಲೆನೋವು:

    ಫೈಂಡ್ . -ಟೈಪ್ ಎಫ್ ! -ನೇಮ್ '?*.*'

ಇವುಗಳಿಗೆ ಹೆಸರಿನಿಂದ ಉತ್ತರ ಸಿಗುವುದಿಲ್ಲ, ಒಳಗೇ ನೋಡಬೇಕು. ಅದಕ್ಕೆ ಇರುವುದು ಫೈಲ್ ಎಂಬ ಹೆಸರಿನದೇ ಕಮ್ಯಾಂಡು. ಯುನಿಕ್ಸಿನಲ್ಲಿ ಇದು 1973ರ ನಾಲ್ಕನೆಯ ಆವೃತ್ತಿಯ ಕಾಲದಿಂದಲೂ ಇದೆ. ಇಂದು ಲಿನಕ್ಸಿನಲ್ಲಿರುವುದು ಇಯಾನ್ ಡಾರ್ವಿನ್ 1986-87ರ ಸುಮಾರಿಗೆ ಬರೆದದ್ದರಿಂದ ಬೆಳೆದದ್ದು. ಇದು ಮೊದಲು ಐನೋಡ್ ನೋಡುತ್ತದೆ. ಮಾಮೂಲಿ ಫೈಲಾದರೆ ತೆರೆದು ಗೊತ್ತಿರುವ ಗುರುತಿನ ಬೈಟುಗಳಿಗಾಗಿ ಹುಡುಕುತ್ತದೆ. ಯಾವುದೂ ಸಿಗದಿದ್ದರೆ ಟೆಕ್ಸ್ಟ್ ಇರಬಹುದೇ, ಯಾವ ಎನ್‌ಕೋಡಿಂಗ್ ಎಂದು ಪರೀಕ್ಷಿಸುತ್ತದೆ. ಪಿಎನ್‌ಜಿಯ ಮೊದಲ ಬೈಟು ಹೆಕ್ಸಾಡೆಸಿಮಲ್ಲಿನಲ್ಲಿ 89, ಅದರ ಹಿಂದೆಯೇ ಪಿಎನ್‌ಜಿ ಎಂಬ ಮೂರು ಅಕ್ಷರ. ಪಿಡಿಎಫ್ ಶುರುವಾಗುವುದು % ಮತ್ತು ಪಿಡಿಎಫ್ ಎಂಬ ಅಕ್ಷರಗಳಿಂದ. ಗುರುತು ಯಾವಾಗಲೂ ತಲೆಯಲ್ಲೇ ಇರಬೇಕೆಂದಿಲ್ಲ: ಟಾರ್ ಫೈಲಿನ ‘ಯುಸ್ಟಾರ್’ ಗುರುತು 257ನೆಯ ಬೈಟಿನ ನಂತರ ಸಿಗುತ್ತದೆ.

    ಫೈಂಡ್ . -ಟೈಪ್ ಎಫ್ ! -ನೇಮ್ '?*.*' -ಎಕ್ಸೆಕ್ ಫೈಲ್ --ಮೈಮ್-ಟೈಪ್ {} +

ಕೊನೆಯ + ಅನ್ನು ಮರೆಯಬೇಡಿ. ಅದರಿಂದ ನೂರಾರು ಹೆಸರುಗಳು ಒಂದೇ ಸಲಕ್ಕೆ ಫೈಲ್ ಕಮ್ಯಾಂಡಿಗೆ ಹೋಗುತ್ತವೆ. ಅದರ ಜಾಗದಲ್ಲಿ \; ಹಾಕಿದರೆ ಒಂದೊಂದು ಫೈಲಿಗೂ ಒಂದೊಂದು ಹೊಸ ಪ್ರೋಸೆಸ್ ಹುಟ್ಟಿ, ಗುರುತುಗಳ ಕೋಶವನ್ನು ಪ್ರತಿ ಸಲ ಹೊಸದಾಗಿ ಲೋಡ್ ಮಾಡಿಕೊಳ್ಳಬೇಕಾಗುತ್ತದೆ. ಸಾವಿರಾರು ಫೈಲುಗಳಿದ್ದಾಗ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟು ದೊಡ್ಡದು. --ಮೈಮ್-ಟೈಪ್ ಕೊಟ್ಟಾಗ ವಿವರಣೆಯ ಬದಲು ಇಮೇಜ್/ಜೆಪೆಗ್, ಅಪ್ಲಿಕೇಷನ್/ಪಿಡಿಎಫ್ ಎಂಬಂಥ ಸ್ಥಿರ ಹೆಸರು ಬರುತ್ತದೆ. ಇದನ್ನು ಗ್ರೆಪ್‌ಗೆ ಹಾಯಿಸುವುದರಲ್ಲಿ ಅಪಾಯ ಕಡಿಮೆ. ಚಿತ್ರಗಳು ಮಾತ್ರ ಸಾಕೆಂದರೆ:

    ... | ಗ್ರೆಪ್ ': *ಇಮೇಜ್/'

ಕೋಲನ್ನಿನ ನಂತರ ‘ಸ್ಪೇಸ್ ಮತ್ತು ನಕ್ಷತ್ರ’ ಇರುವುದು, ಹಲವು ಫೈಲುಗಳಿದ್ದಾಗ ಫೈಲ್ ಕಮ್ಯಾಂಡ್ ಕಾಲಂ ನೇರ ಕಾಣಲೆಂದು ಸ್ಪೇಸ್ ತುಂಬುವುದರಿಂದ.

ಹೆಸರೂ ಒಳಗಿನದೂ ತಾಳೆಯಾಗದ ಫೈಲುಗಳ ಪಟ್ಟಿಯನ್ನೂ ಒಮ್ಮೆ ತೆಗೆಯಿರಿ. ಹಳೆಯ ಡಿಸ್ಕುಗಳಲ್ಲಿ ಇವು ಇದ್ದೇ ಇರುತ್ತವೆ ಎಂದುಕೊಂಡರೆ ತಪ್ಪಿಲ್ಲ:

    ಫೈಂಡ್ . -ಟೈಪ್ ಎಫ್ -ಐನೇಮ್ '*.ಜೆಪಿಜಿ' -ಎಕ್ಸೆಕ್ ಫೈಲ್ --ಮೈಮ್-ಟೈಪ್ {} + | ಗ್ರೆಪ್ -ವಿ 'ಇಮೇಜ್/ಜೆಪೆಗ್$'

ಇಲ್ಲಿ ಟೆಕ್ಸ್ಟ್/ಎಚ್‌ಟಿಎಂಎಲ್ ಎಂದು ಬಂದರೆ ಚಿತ್ರದ ಬದಲು ವೆಬ್‌ಸೈಟಿನ ದೋಷದ ಪುಟ ಸೇವ್ ಆಗಿರುತ್ತದೆ. ಇಮೇಜ್/ವೆಬ್‌ಪಿ ಎಂದರೆ ಚಿತ್ರ ಸರಿಯಿದೆ, ಹೆಸರು ಮಾತ್ರ ತಪ್ಪು. ಐನೋಡ್/ಎಕ್ಸ್-ಎಂಪ್ಟಿ ಎಂದರೆ ಸೊನ್ನೆ ಬೈಟಿನ ಫೈಲು. ಅಪ್ಲಿಕೇಷನ್/ಆಕ್ಟೆಟ್-ಸ್ಟ್ರೀಮ್ ಎಂದರೆ ಯಾವ ಗುರುತೂ ಸಿಗಲಿಲ್ಲ. ಕಾಪಿ ಮಾಡುವಾಗ ಡಿಸ್ಕು ಓದಲಾಗದೆ ಬರೀ ಸೊನ್ನೆ ತುಂಬಿರುವ ಫೈಲುಗಳು ಹೀಗೆ ಕಾಣುತ್ತವೆ. ಆದರೆ ಇಮೇಜ್/ಜೆಪೆಗ್ ಎಂದು ಬಂದ ಮಾತ್ರಕ್ಕೆ ಚಿತ್ರ ಪೂರ್ತಿ ಇದೆ ಎಂದಲ್ಲ. ತಲೆಯ ಬೈಟುಗಳು ಸರಿಯಾಗಿದ್ದು ಮುಕ್ಕಾಲು ಭಾಗ ಹಾಳಾಗಿದ್ದರೂ ಉತ್ತರ ಅದೇ. ವರ್ಡ್ ದಾಖಲೆ, ಓಪನ್‌ಡಾಕ್ಯುಮೆಂಟ್, ಇಪಬ್ ಎಲ್ಲ ಮೂಲತಃ ಜಿಪ್ ಪೊಟ್ಟಣಗಳು. ಫೈಲ್ ಕಮ್ಯಾಂಡಿನ ಹಳೆಯ ಆವೃತ್ತಿ ಕೆಲವನ್ನು ಬರೀ ಅಪ್ಲಿಕೇಷನ್/ಜಿಪ್ ಎಂದುಬಿಡಬಹುದು. ಇನ್ನು ಎರಡು ಮೂರು ಸಾಲಿನ ಟೆಕ್ಸ್ಟ್ ಫೈಲು ಯಾವ ಭಾಷೆಯ ಪ್ರೋಗ್ರಾಮ್ ಎಂಬ ಅದರ ಊಹೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಡಿ.

ವೇಗದ ಲೆಕ್ಕವೂ ಇದೇ ಕ್ರಮದಲ್ಲಿ. ಎಕ್ಸ್ಟ್4 ಮೊದಲಾದ ಫೈಲ್ ಸಿಸ್ಟಮ್ಮುಗಳು ಡೈರೆಕ್ಟರಿಯೊಳಗೆ ಹೆಸರಿನ ಪಕ್ಕದಲ್ಲೇ ಬಗೆಯನ್ನೂ ಬರೆದಿಡುತ್ತವೆ, ಹಾಗಾಗಿ -ಟೈಪ್ ಮತ್ತು -ನೇಮ್‌ಗೆ ಐನೋಡ್ ತನಕ ಹೋಗುವ ಕೆಲಸವೂ ಬಹುತೇಕ ಇರುವುದಿಲ್ಲ. ಫೈಲ್ ಕಮ್ಯಾಂಡು ಮಾತ್ರ ಒಂದೊಂದನ್ನೂ ತೆರೆದು ಓದುತ್ತದೆ. ಆದ್ದರಿಂದ ಮೊದಲು ಫೈಂಡ್‌ನಿಂದ ಜರಡಿ ಹಿಡಿದು ಉಳಿದವನ್ನಷ್ಟೇ ಅದಕ್ಕೆ ಕೊಡಿ.

ಪಟ್ಟಿಯನ್ನು ಇನ್ನೊಂದು ಕಮ್ಯಾಂಡಿಗೆ ದಾಟಿಸುವಾಗ ಸ್ಪೇಸ್ ಇರುವ ಹೆಸರುಗಳು ಒಡೆಯುತ್ತವೆ. ಫೈಂಡ್‌ಗೆ -ಪ್ರಿಂಟ್0, ಹೆಸರುಗಳನ್ನು ಇನ್ನೊಂದು ಕಮ್ಯಾಂಡಿಗೆ ಒದಗಿಸುವ ಎಕ್ಸ್‌ಆರ್ಗ್ಸ್‌ಗೆ -0 ಕೊಟ್ಟರೆ ಹೆಸರುಗಳ ನಡುವೆ ಶೂನ್ಯ ಬೈಟು ಬರುತ್ತದೆ. ಅದು ಯಾವ ಹೆಸರಿನಲ್ಲೂ ಇರಲಾರದು. *.ಜೆಪಿಜಿ ಬರೆದು ಎಲ್‌ಎಸ್ ಕೊಟ್ಟಾಗ ಆರ್ಗ್ಯುಮೆಂಟ್ ಪಟ್ಟಿ ತೀರಾ ಉದ್ದ ಎಂಬ ದೋಷ ಬಂದರೆ ಫೈಲು ಕೆಟ್ಟಿಲ್ಲ, ಶೆಲ್ ಬಿಡಿಸಿದ ಹೆಸರುಗಳ ಒಟ್ಟು ಉದ್ದ ಕರ್ನಲ್ಲಿನ ಮಿತಿ ದಾಟಿದೆ. ಲಿನಕ್ಸಿನಲ್ಲಿ ಅದು ಸಾಮಾನ್ಯವಾಗಿ 2 ಮೆಗಾಬೈಟು. ಕೋಟಿನೊಳಗೆ ಪ್ಯಾಟರ್ನ್ ಇಟ್ಟ ಫೈಂಡ್‌ಗೆ ಆ ಮಿತಿ ತಾಗುವುದಿಲ್ಲ. ಅನುಮತಿ ಇಲ್ಲ ಎಂಬ ಸಾಲುಗಳು ತುಂಬಿಕೊಂಡರೆ ಅವನ್ನು ಕಣ್ಣುಮುಚ್ಚಿ ಎಸೆಯುವ ಬದಲು 2> ಹಾಕಿ ಬೇರೆ ಫೈಲಿಗೆ ಕಳಿಸಿ. ಯಾವ ಡೈರೆಕ್ಟರಿಯ ಒಳಗೆ ಹೋಗಲಾಗಲಿಲ್ಲ ಎಂಬುದಕ್ಕೆ ಅದೇ ದಾಖಲೆ.

ಮ್ಯಾಕ್‌ನಲ್ಲಿ ಫೈಂಡ್ ಇದೆ, ಆದರೆ ಅದರಲ್ಲಿ -ಪ್ರಿಂಟ್‌ಎಫ್ ಇಲ್ಲ, ಪಾಥ್ ಬರೆಯುವುದು ಕಡ್ಡಾಯ. ಅಲ್ಲಿ ಮುರಿದ ಲಿಂಕುಗಳಿಗೆ ‘ಫೈಂಡ್ -ಎಲ್ . -ಟೈಪ್ ಎಲ್’ ಬಳಸಿ, ಮೊದಲ -ಎಲ್ ದೊಡ್ಡಕ್ಷರ. ಅದೇ ಡಿಸ್ಕನ್ನು ವಿಂಡೋಸಿನಲ್ಲಿ ನೋಡುವುದಾದರೆ ‘ಡಿಐಆರ್ /ಎಡಿ’ ಡೈರೆಕ್ಟರಿಗಳನ್ನು, ‘ಡಿಐಆರ್ /ಎ-ಡಿ’ ಉಳಿದವನ್ನು, ‘ಡಿಐಆರ್ /ಓಇ’ ಎಕ್ಸ್‌ಟೆನ್ಷನ್ ಕ್ರಮದಲ್ಲಿ ಕೊಡುತ್ತದೆ. ಅಲ್ಲಿ *.ಎಚ್‌ಟಿಎಂ ಕೇಳಿದಾಗ .ಎಚ್‌ಟಿಎಂಎಲ್ ಫೈಲೂ ಬಂದರೆ ಬೆಚ್ಚಬೇಡಿ: ಎಂಟು ಅಕ್ಷರ, ಮೂರು ಅಕ್ಷರದ ಹಳೆಯ ಚಿಕ್ಕ ಹೆಸರೂ ಡಿಸ್ಕಿನಲ್ಲಿ ಉಳಿದಿದ್ದರೆ ಪ್ಯಾಟರ್ನ್ ಅದಕ್ಕೂ ಹೊಂದುತ್ತದೆ.

ಎಫ್‌ಡಿ ಎಂಬ ಹೊಸ ಸಾಧನವನ್ನೂ ಯಾರಾದರೂ ಸೂಚಿಸಬಹುದು. ಡೆಬಿಯನ್, ಉಬುಂಟುಗಳಲ್ಲಿ ಅದರ ಕಮ್ಯಾಂಡು ಎಫ್‌ಡಿಫೈಂಡ್. ‘-ಟಿ ಎಫ್ -ಇ ಜೆಪಿಜಿ’ ಎಂದರೆ ಮುಗಿಯಿತು, ಕೋಟಿನ ಗೋಜಿಲ್ಲ, ವೇಗವೂ ಚೆನ್ನಾಗಿದೆ. ಆದರೆ ಅದು ತಾನಾಗಿ ಅಡಗಿದ ಫೈಲುಗಳನ್ನೂ, ಗಿಟ್ ಕಡೆಗಣಿಸು ಎಂದು ಹೇಳಿಸಿಕೊಂಡವನ್ನೂ ಬಿಟ್ಟುಬಿಡುತ್ತದೆ. ನಿಮ್ಮಂಥ ಡಿಸ್ಕಿನಲ್ಲಿ ಎಲ್ಲವೂ ಬೇಕಾಗಿರುವುದರಿಂದ ದೊಡ್ಡಕ್ಷರದ -ಎಚ್ ಮತ್ತು -ಐ ಎರಡನ್ನೂ ಸೇರಿಸಿಯೇ ಓಡಿಸಿ, ಇಲ್ಲವಾದರೆ ಎಣಿಕೆ ಫೈಂಡ್‌ನದಕ್ಕಿಂತ ಕಡಿಮೆ ಬರುತ್ತದೆ.